ಅತ್ತಿಗುಂಡಿಯ ಮೂರನೇ ನಕ್ಷೆ

ಮೊದಲ ನಕ್ಷೆಯಲ್ಲಿ ಪಡುವಣದ ಇಡೀ ಗೋಡೆ ಗಾಜು.
ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮುಳುಗುವ ಸೂರ್ಯ;
ಸೋಫಾದ ಪಕ್ಕ ಒಂದು ಕಾಫಿ ಲೋಟವನ್ನೂ ಬರೆದಿದ್ದೆ.
ಕಲಂದರ್ ಸಾಬರು ಹಾಳೆ ತಿರುಗಿಸಿ, ಮತ್ತೆ ತಿರುಗಿಸಿ,
ಕನ್ನಡಕ ಹಣೆಗೇರಿಸಿ ಕೇಳಿದರು:
"ಆಷಾಢದ ಗಾಳಿಗೆ ಇದನ್ನು ತೋರಿಸಿದ್ದೀರಾ ಮೇಡಂ?"

ಮೂವತ್ನಾಲ್ಕು ವರ್ಷ ಲೈನ್‌ಮನ್.
ಈ ಗುಡ್ಡದ ಯಾವ ಕಂಬ ಯಾವ ಕಡೆಗೆ ಬೀಳುತ್ತದೆಂದು ಬಲ್ಲವರು.
ನನ್ನ ಪಟ್ಟಿಯಲ್ಲಿದ್ದದ್ದು ಚಿಕ್ಕಮಗಳೂರಿನ ಗಾಳಿ, ಪೇಟೆಯದು.
ಇಲ್ಲಿಯದು ಕಣಿವೆಯಲ್ಲಿ ಒಮ್ಮೆ ಮಗ್ಗುಲು ಬದಲಿಸಿ
ಕೆಳಗಿನಿಂದ ಎದ್ದು ಬಂದು
ಹೆಂಚಿನ ಅಡಿಗೆ ಕೈ ಹಾಕುತ್ತದೆ.

ಎರಡನೆಯದರಲ್ಲಿ ಮನೆಯ ಬೆನ್ನನ್ನು ಇಳಿಜಾರಿಗೆ ಹುದುಗಿಸಿದೆ.
ಅಗೆದ ಮಣ್ಣು ಅಲ್ಲೇ ಇಟ್ಟಿಗೆಯಾಗಲಿ ಎಂದು
ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ
ರಾತ್ರಿಯಿಡೀ ಕಿಟಕಿಯಲ್ಲಿಟ್ಟೆ.
ಮರಳು ಮೊದಲು ಕುಳಿತಿತು, ಆಮೇಲೆ ನುಣ್ಣನೆಯದು,
ಜೇಡಿ ಬೆಳಗಾದರೂ ಕೂರಲೊಲ್ಲದು.
ನೂರಕ್ಕೆ ಎಂಟು ಪಾಲು ಸಿಮೆಂಟು ಸಾಕು, ಸುಡುವ ಭಟ್ಟಿ ಬೇಡ.
ಮಾಡಿನ ಮೇಲೆ ಹುಲ್ಲು ಬೆಳೆಸೋಣ ಎಂದೆ.
ಒಳಗಿನಿಂದ ಜಮೀಲಾಬಿ ನಕ್ಕರು:
"ಹಿಂದೆ ಮಾಡು ನೆಲಕ್ಕೇ ತಾಗ್ತದಲ್ಲ,
ಪಕ್ಕದವರ ದನ ನಮ್ಮ ತಲೆ ಮೇಲೆ ಮೇಯೋದಾ?"
ಹುಲ್ಲು ಅಳಿಸಿದೆ.

ಕರೆಂಟಿನ ಮಾತು ಬಂದಾಗ ಸಾಬರು ಸುಮ್ಮನಾದರು.
ಅವರ ಬಲಗೈಯ ಎರಡು ಬೆರಳು ಮಡಚಿದಂತೆಯೇ ಇರುತ್ತವೆ.
"ತಂತಿ ಬೇಡ. ಬಿಸಿಲು ಎಷ್ಟು ಕೊಡ್ತದೋ ಅಷ್ಟು.
ಮಂಜು ಮುಚ್ಚಿದ ದಿನ ಕತ್ತಲಾದರೆ ಆಗಲಿ.
ನನ್ನ ಮನೆಯ ಬೆಳಕಿಗೆ
ಯಾವನೋ ಹುಡುಗ ಮಳೆಯಲ್ಲಿ ಕಂಬ ಹತ್ತೋದು ಬೇಡ."

ಮತ್ತೆ, ಸೂರ್ಯಾಸ್ತ?
"ಗುಡ್ಡ ಎಲ್ಲಾ ಮೇಲಿಂದ ನೋಡಿ ಆಗಿದೆ.
ಕಿಟಕಿ ಚಿಕ್ಕದಿರಲಿ. ಕೂತರೆ ಒಲೆ ಕಾಣಲಿ."

ಮೂರನೆಯದು ಮುಗಿಯಿತು ಅಂದುಕೊಂಡ ದಿನ
ಅಂಗಳದಲ್ಲಿ ಒಂದು ಹಳೇ ಮರದ ಕಂಬ ಮಲಗಿತ್ತು,
ಇಲಾಖೆಯ ಹರಾಜಿನಲ್ಲಿ ಹಿಡಿದದ್ದು.
ಮೈತುಂಬ ಮೊಳೆಯ ತೂತು, ಹತ್ತಿದವರ ಕಾಲಿನ ಗೀರು.
ನಡುಮನೆಗೆ ಬೇಕಂತೆ.
ಭಾರ ಹೊರಲು ಗೋಡೆ ಇದೆಯಲ್ಲ ಎಂದೆ.
"ಹೊರೋಕಲ್ಲ. ಒರಗೋಕೆ."

ನಕ್ಷೆಯಲ್ಲಿ ಅದೊಂದು ಪುಟ್ಟ ಸೊನ್ನೆ.
ಅದಕ್ಕಾಗಿ ಅಡುಗೆಮನೆ ಒಂದೂವರೆ ಅಡಿ ಸರಿಯಿತು,
ನೀರಿನ ಪೈಪು ಮೊದಲಿನಿಂದ ಬರೆಯಬೇಕಾಯಿತು,
ಜಮೀಲಾಬಿ ಎರಡು ದಿನ
ನನ್ನ ಹತ್ತಿರವೂ ಮಾತಾಡಲಿಲ್ಲ.