ಪುಕ್ಕಟೆ ಏಟು

ಕೌಲ್ ಬಜಾರಿನ ಜೀನ್ಸ್ ಘಟಕದ ಮಹಡಿಯಲ್ಲಿ
ಭಾನುವಾರ ರಾತ್ರಿ, ಮಷಿನ್ನುಗಳು ಸುಮ್ಮನಾದ ಮೇಲೆ,
ಕಟಿಂಗ್ ಮೇಜಿಗೆ ಒಂದೂವರೆ ಮೀಟರ್ ಡೆನಿಮ್ ಹಾಸುತ್ತೇವೆ.
ಗಾದಿಲಿಂಗ ಸುಣ್ಣದ ಬಿಲ್ಲೆಯಲ್ಲಿ ಗೆರೆ ಎಳೆಯುತ್ತಾನೆ,
ಇಂಚಿಗೊಂದು ಚೌಕ,
ಚೌಕಕ್ಕೆ ಐದಡಿ ನೆಲ.
ಸ್ಕೇಲು ಬೇಕಿಲ್ಲ ಅವನಿಗೆ. ಹದಿನೆಂಟು ವರ್ಷದ ಕೈ.

ತಾಮ್ರದ ಗುಂಡಿ ಸುಂಕಮ್ಮನ ಕತ್ತಿಯವಳು,
ಬಿಳಿಯದು ಹೊನ್ನೂರವಲಿಯ ಮಂತ್ರವಾದಿ,
ಹಲ್ಲು ಮುರಿದ ಜಿಪ್ಪು ಹೆಬ್ಬಾವು.
ರಾಕ್ಷಸನಿಗೆ ಮಾತ್ರ ಇಡೀ ದಾರದ ಉಂಡೆ.
ಆಡಿಸುವವನು ನಾನು,
ಅಂದರೆ ರಾಕ್ಷಸನೂ ನಾನೇ, ಅವನ ಗುಹೆಯ ಕತ್ತಲೂ ನಾನೇ,
ಜಗಳ ಬಿದ್ದರೆ ನ್ಯಾಯವೂ ನಾನೇ.
ಹಗಲು ಇದೇ ಮಹಡಿಯಲ್ಲಿ ಗುಂಡಿ ಹೊಡೆಯುವವನು.

ನಿಯಮದ ಪುಸ್ತಕ ಜೆರಾಕ್ಸಿನ ಜೆರಾಕ್ಸು.
ಎಪ್ಪತ್ತನಾಲ್ಕನೇ ಪುಟದಲ್ಲಿ ಕಾಳಗ ಶುರು.
ಅಲ್ಲೇ ಯಾರದೋ ಹೆಬ್ಬೆರಳು ಅಚ್ಚಾಗಿ
ಒಂದೂವರೆ ಸಾಲು ಅದರಡಿ ಹೋಗಿದೆ.
ಉಳಿದದ್ದನ್ನು ನಾನು ಇಂಗ್ಲಿಷಿನಿಂದ ಎಳೆದೆಳೆದು ಕನ್ನಡಕ್ಕೆ ತರುತ್ತೇನೆ,
ಹೊನ್ನೂರವಲಿ ಅದನ್ನೇ ದಖನಿಯಲ್ಲಿ ಗೊಣಗಿ ನೋಡುತ್ತಾನೆ,
ಗಾದಿಲಿಂಗ ತೆಲುಗಿನಲ್ಲಿ ಬೈಯುತ್ತಾನೆ.

ಮೊದಲ ತಿಂಗಳೆಲ್ಲ ಓರೆ ನಡೆಗೆ ಜಗಳ.
ಮೂಲೆಯಿಂದ ಮೂಲೆಗೆ ಹೋದರೆ ಐದಡಿಯೋ, ಏಳೋ?
ಪುಸ್ತಕ ಐದು ಅಂದಿತು.
ಗಾದಿಲಿಂಗ ಬಟ್ಟೆಯ ಎರಡು ಮೂಲೆ ಹಿಡಿದು ಜಗ್ಗಿ ತೋರಿಸಿದ:
"ನೆಟ್ಟಗ ಜಗ್ಗಿದ್ರ ಬರಂಗಿಲ್ಲ, ಕ್ರಾಸಿಗೆ ಜಗ್ಗಿದ್ರ ಹಿಗ್ತತಿ.
ಅರಿವೀಗೆ ಗೊತ್ತೈತಿ, ಪುಸ್ತಕಕ್ಕ ಗೊತ್ತಿಲ್ಲ."
ಏಳು ಅಂತ ಬರೆದುಕೊಂಡೆವು.

ಆಮೇಲೆ ಬಂದದ್ದು ಸೇತುವೆ.
ಕತ್ತಿಯವಳಿಗೆ ಉಸಿರು ನಾಲ್ಕೇ ಅಂಕ ಉಳಿದಿತ್ತು.
ಸುಂಕಮ್ಮ ಗುಂಡಿಯನ್ನು ಒಂದು ಚೌಕ ಹಿಂದಕ್ಕೆ ಸರಿಸಿದಳು.
ನಾನು ದಾಳ ಎತ್ತಿಕೊಂಡೆ.
"ಯಾಕ?"
"ಎದುರಾಳಿಯ ಕೈಯಳತೆ ಬಿಟ್ಟು ಹೋಗುವವರಿಗೆ
ಅವನದೊಂದು ಏಟು ಪುಕ್ಕಟೆ. ಪುಟ ಎಪ್ಪತ್ತನಾಲ್ಕು."
"ಹೋಗುವವರಿಗೋ, ಹೋದವರಿಗೋ?"
ಹೆಬ್ಬೆರಳು ಸರಿಯಾಗಿ ಅಲ್ಲೇ ಕೂತಿತ್ತು.

ಹೋದವರಾದರೆ ಕೈಗೆ ಸಿಗುವುದಿಲ್ಲ, ಏಟು ಹೇಗೆ?
ಹೋಗುವವರಾದರೆ ಇನ್ನೂ ಹೋಗಿಲ್ಲ, ತಪ್ಪೇನು?
ಒಂದು ಕಾಲು ಹೊಸ್ತಿಲೊಳಗೆ, ಒಂದು ಹೊರಗೆ,
ಆ ಹೊತ್ತಿಗೆ ಹೊಡೆಯೋದು, ಅಂದ ಹೊನ್ನೂರವಲಿ
ಬಾಯಿತುಂಬ ಮಂಡಾಳು ಇಟ್ಟುಕೊಂಡು.
ಟೇಪು ತಂದು ರಾಕ್ಷಸನ ತೋಳು ಅಳೆದರು.
ಮಿರ್ಚಿ ಆರಿತು.
ನ್ಯಾಯ ಹೇಳು ಎಂದು ಮೂವರೂ ನನ್ನ ಮುಖ ನೋಡಿದರು.
ನಾನು ದಾರದ ಉಂಡೆಯ ಮುಖ ನೋಡಿದೆ.

ಆಗ ಸುಂಕಮ್ಮ, ನೀಲಿಗಟ್ಟಿದ ಬೆರಳನ್ನು
ಗುಂಡಿಯ ಮೇಲಿಟ್ಟುಕೊಂಡೇ:
"ನಮ್ಮಾಕಿ ಹೋಗ್ತೀನಿ ಅಂದ್ಲೇನು?
ಹೋಗ್ತೀನಿ ಅಂತ ಯಾರ ಅಂತಾರ ನಮ್ಮ ಕಡಿ?
ಸಾಯಾವ್ರು ಸೈತ ಅನ್ನಂಗಿಲ್ಲ.
ಬರ್ತೀನಿ ಅಂದಾಳ. ರಾಕ್ಷಸಗ ಮುಖ ಕೊಟ್ಟು ಅಂದಾಳ.
ಬರಾಕಿ ಮ್ಯಾಲೆ ಏಟು ಯಾವ ಪುಟದಾಗೈತಿ?"

ಕಿಟಕಿಯಾಚೆ ಕೋಟೆಗುಡ್ಡ
ಇನ್ನೂ ಹಗಲಿನ ಕಾವು ಬಿಡುತ್ತಿತ್ತು.
ನಾನು ಬಿಟ್ಟು ಬಂದದ್ದು ಮೂರು ಘಟಕ, ಒಂದು ಮನೆ,
ಎಲ್ಲ ಕಡೆಯೂ ಬರ್ತೀನಿ ಅಂದೇ ಬಂದದ್ದು.
ಒಂದು ಕಡೆ ಸೇಟು ಎರಡು ವಾರದ ಕೂಲಿ ಹಿಡಿದಿಟ್ಟ.
ಯಾವ ಪುಟ ಅಂತ ನಾನು ಕೇಳಲಿಲ್ಲ.

ದಾಳ ಕೆಳಗಿಟ್ಟೆ.
ನೋಟ್‌ಬುಕ್ಕಿನಲ್ಲಿ ಬರೆದೆ: ನಿಯಮ ಮೂವತ್ತೊಂದು.
ಬರ್ತೀನಿ ಅಂದವರ ಬೆನ್ನಿಗೆ ಹೊಡೆಯುವಂತಿಲ್ಲ.
ಗಟ್ಟಿಯಾಗಿ ಅಂದಿರಬೇಕು. ಎದುರಾಳಿಗೆ ಕೇಳಿಸಿರಬೇಕು.
ಕಿವುಡ ರಾಕ್ಷಸರ ವಿಚಾರ ಮುಂದೆ ನೋಡೋಣ.

ಮುಂದಿನ ಭಾನುವಾರ ಸೇತುವೆಯ ಆ ತುದಿಯಲ್ಲಿ
ದಾರದ ಉಂಡೆಗೆ ಎರಡೇ ಅಂಕ ಉಸಿರು.
ಸುಂಕಮ್ಮ ಅಂಗೈಯಲ್ಲಿ ದಾಳ ಕುಲುಕುತ್ತಿದ್ದಳು.
ನಾನು ಉಂಡೆಯನ್ನು ಮೆಲ್ಲಗೆ ಒಂದು ಚೌಕ ಹಿಂದಕ್ಕೆ ಉರುಳಿಸಿ
ರಾಕ್ಷಸನ ಗಂಟಲಲ್ಲಿ, ಎಲ್ಲರಿಗೂ ಕೇಳಿಸುವಂತೆ, ಅಂದೆ:
ಬರ್ತೀನಿ.

ಕುಲುಕುವ ಸದ್ದು ನಿಂತಿತು.
ಗಾದಿಲಿಂಗ ತೆಲುಗಿನಲ್ಲಿ ಬೈದು
ನೋಟ್‌ಬುಕ್ಕಿಗೆ ಕೈ ಚಾಚಿದ.