ಈ ತಿಂಗಳ ಮಾತು

ಕಲಬುರಗಿ ಹ್ಯಾಮ್ ಕ್ಲಬ್ಬಿನ ಕರಿಹಲಗೆಯಲ್ಲಿ
‘ಈ ತಿಂಗಳ ಮಾತು’ ಎಂಬುದರ ಮುಂದೆ
ಮೂರು ತಿಂಗಳಿಂದ ಬರೀ ಗೆರೆ.

ರಾತ್ರಿಯಿಡೀ ಜಪಾನಿನವನ ಜೊತೆ ಹರಟುವವರು
ಎದುರಿಗೆ ಇಪ್ಪತ್ತು ಕುರ್ಚಿ ಕಂಡರೆ
ಫ್ಯೂಜು ಹೋದ ಸೆಟ್ಟು.

ನೆಹರೂ ಗಂಜಿಗೆ ಹೋದೆ,
ಬೇಳೆ ಮಿಲ್ಲುಗಳ ಸುಟ್ಟ ಮೋಟಾರಿಗೆ ತಂತಿ ಸುತ್ತುವ
ಮಶಾಕಸಾಬರ ಅಂಗಡಿಗೆ.
“ನಂಗೆಲ್ಲಿ ಮಾತಾಡ್ಲಕ್ ಬರ್ತದರೀ ಮೇಡಂ,
ಸುತ್ತೋದಷ್ಟೇ ಗೊತ್ತು.”

ಇರಲಿ ಅಂದೆ. ಚಹಾ ಬಂತು.
ಸುಮ್ಮನೆ ಕೇಳಿದೆ: ಈ ಗುಜರಿ ತಾಮ್ರದಲ್ಲಿ
ನಿಮ್ಮ ದನಿ ಬ್ರೆಜಿಲ್ ಮುಟ್ಟಿದ್ದು ಹೇಗೆ?

ಚಹಾ ಕೆನೆಗಟ್ಟಿತು.
ಮಿಲ್ಲಿನ ಆಳು ಎರಡು ಸಲ ಬಂದು, ನಿಂತು, ಹೋದ.
ಮಾಳಿಗೆ, ಬಿಸಿಲು, ಕೋತಿ ಹರಿದ ತಂತಿ,
ಅರ್ಧ ಗೇಣು ತಪ್ಪಿದ ಅಳತೆ,
ಮತ್ತೆ ಅದೇ ಕೋತಿ.

“ನಲವತ್ತು ನಿಮಿಷ ಆಯ್ತು ನೋಡ್ರಿ.”
“ಏನು?”
“ನಿಮ್ಮ ಭಾಷಣ.”

ಭಾನುವಾರ ಎದ್ದು ನಿಂತರು. ಬೆವರು.
ಫ್ಯಾನಿನ ಸದ್ದು ಮಾತ್ರ.
ಚೀಲದಿಂದ ಒಂದು ಸುರುಳಿ ತಾಮ್ರ ತೆಗೆದು
ಕೈಗಿಟ್ಟೆ.
ಬೆರಳು ಸುತ್ತತೊಡಗಿತು,
ಅದರ ಹಿಂದೆಯೇ ಬಾಯಿ.

ಕೊನೆಗೆ, ಹಿಂದಿನ ಬೆಂಚಿನಿಂದ
ಎಂದೂ ಉಸಿರೆತ್ತದ ಡಿಪ್ಲೊಮಾ ಹುಡುಗಿ:
“ನಮ್ಮ ಮಾಳಗಿಗೂ ಕೋತಿ ಬರ್ತಾವ್ರೀ...”

ನಾನು ಸೀಮೆಸುಣ್ಣ ಹುಡುಕಿದೆ.