ಅಮಾನತು

ತದಡಿ ಬಂದರದ ಚಾ ಅಂಗಡಿಯಲ್ಲಿ
ಒದ್ದೆ ಬೆರಳು ತಾಗಿ ಶಾಯಿ ಹರಡಿದ ಪೇಪರು,
ಐದನೇ ಪುಟದ ಮೂಲೆಯಲ್ಲಿ ಮೂರು ಸಾಲು:
ಬೆಳಚಿನ ತೂಕದಲ್ಲಿ ವ್ಯತ್ಯಾಸ,
ಸಂಘದ ಗುಮಾಸ್ತ ಮೀರಾ ಹೊಡೇಕರ ಅಮಾನತು.

ಅಜ್ಜಿಗೆ ಓದಿ ಹೇಳಿದವನು ನಾನೇ.
ಆರನೇ ಕ್ಲಾಸು, ಯಾವ ಒತ್ತಕ್ಷರಕ್ಕೂ ಹೆದರದ ವಯಸ್ಸು.
ಅಕ್ಕಿ ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತಿ
"ಅಮಾನತಾ?" ಅಂದಳು. ಮುಖ ಅರಳಿತ್ತು.
"ಯಾರ ಹತ್ತಿರ ಇಟ್ಟಿದ್ದಾರಂತೆ ನಿನ್ನಪ್ಪನ್ನ?"

ಅವಳಿಗೆ ಗೊತ್ತಿದ್ದದ್ದು ಒಂದೇ ಅಮಾನತು.
ಕಪಾಟಿನ ತಳದ ಬಿಸ್ಕೀಟಿನ ಡಬ್ಬಿಯಲ್ಲಿ
ಹಳದಿ ಬಟ್ಟೆಯ ಗಂಟು.
ಬೊಮ್ಮಿ ಹರಿಕಂತ್ರ ಹೆರಿಗೆಗೆ ಕುಮಟೆಗೆ ಹೊರಟ ದಿನ
ಒಂದು ನತ್ತು, ಒಂದು ಜೊತೆ ಬುಗುಡಿ ಕೈಗಿಟ್ಟು
"ಬಂದ್ಕಂಡಿ ತಕಂತೆ" ಅಂದವಳು
ಬರಲಿಲ್ಲ. ಹೆಣ್ಣು ಕೂಸು ಬದುಕಿತು,
ಯಾರೋ ಅಂಕೋಲೆ ಕಡೆ ಒಯ್ದರಂತೆ.
ಆಗಿನಿಂದ ಪ್ರತಿ ರಂಜಾನಿಗೆ ಅಜ್ಜಿ
ಗಂಟು ಬಿಚ್ಚಿ, ಅಂಟುವಾಳದ ನೊರೆಯಲ್ಲಿ ತೊಳೆದು,
ಎಣಿಸಿ (ಮೂರೇ ಆದರೂ ಎಣಿಸಿ) ಕಟ್ಟಿಡುತ್ತಿದ್ದಳು.
ಅಜ್ಜನ ದೋಣಿ ಜಪ್ತಿಗೆ ಬಂದ ವರ್ಷವೂ
ಬಿಚ್ಚಿದ್ದು ಎಣಿಸಲಿಕ್ಕೇ.

ಹಾಗಲ್ಲ ಅಜ್ಜಿ, ಕೆಲಸದಿಂದ ತೆಗೆದು ಕೂರಿಸಿದ್ದಾರೆ,
ತನಿಖೆ ಮುಗಿಯುವ ತನಕ, ಎಂದೆ.
ಮೊರದ ಮೇಲೆ ಕೈ ಹಾಗೇ ನಿಂತಿತು.

ರಾತ್ರಿ ಅಬ್ಬ ಉಣ್ಣಲಿಲ್ಲ.
ಅಜ್ಜಿ ಮಾತಾಡಿದ್ದು ಅವನೊಡನೆಯೂ ಅಲ್ಲ, ಚಿಮಣಿ ಬುಡ್ಡಿಯೊಡನೆ:
"ಮೊದಲು ಆಕಾಶಕ್ಕೆ ಕೇಳಿದನಂತೆ, ಇದನ್ನು ಹೊರುತ್ತೀಯಾ?
ಅಷ್ಟಗಲ ಇದ್ದೂ ಒಲ್ಲೆ ಅಂತು.
ಭೂಮಿಗೆ ಕೇಳಿದ. ನಡುಗಿತು.
ಗುಡ್ಡಗಳಿಗೆ ಕೇಳಿದ. ಅಗೋ, ಹೊಳೆಯಾಚೆಯದ್ದು,
ಎಷ್ಟೆಷ್ಟು ಮಳೆ ಹೊತ್ತದ್ದು,
ಅದೂ ತಲೆ ತಗ್ಗಿಸಿತು. ಹೆದರಿಕೆ ಅಂದರೆ ಅವಕ್ಕೆ ಗೊತ್ತಿತ್ತು.
ಕೊನೆಗೆ ಎರಡು ಕಾಲಿನ ಈ ಬಡಕಲ
ಕೊಡು ಇಲ್ಲಿ, ಅಂತ ಕೈ ಚಾಚಿದ.
ತನಗೇ ಅನ್ಯಾಯ ಮಾಡಿಕೊಂಡ.
ಭಾರ ಎಷ್ಟು ಅಂತ ಕೇಳಲೂ ಇಲ್ಲ, ಪೆದ್ದ."

ತುಂಬ ಹೊತ್ತು ಇಳಿತದ ಸದ್ದು.

"ತಕ್ಕಡಿ ಅವನದು ಮೀರಾ.
ನಿನ್ನ ಹತ್ತಿರ ಇಟ್ಟಿದ್ದ, ಅಷ್ಟೆ."

ಅಲ್ಲಾಹನಲ್ಲಿ ಮಾಫಿ ಕೇಳುತ್ತೇನೆ, ಅಂದ ಅಬ್ಬ.
"ಅವನಿಗೆ ಬರಬೇಕಾದ್ದು ಅವನು ಬಿಟ್ಟಾನು.
ಬೆಳಚು ಹೆಕ್ಕುವವರದ್ದನ್ನು ಅವನು ಹ್ಯಾಗೆ ಬಿಡುತ್ತಾನೆ?
ಅವರದ್ದಲ್ಲವಾ?"

ಬೆಳಿಗ್ಗೆ, ನೀರಿಳಿದಾಗ,
ಪಾಪ ಕಳೆಯುವವಳೆಂದು ಹೆಸರು ಹೊತ್ತ ಅಘನಾಶಿನಿಯಲ್ಲಿ
ಅಬ್ಬ ಸೊಂಟದ ತನಕ ಇಳಿದ.
ಹೊಳೆ ಏನನ್ನೂ ತೊಳೆಯಲಿಲ್ಲ.
ಪ್ಯಾಂಟಿಗೆ ಕೆಸರು ಮೆತ್ತಿತು, ಚಿಪ್ಪು ಕಾಲು ಕೊಯ್ದಿತು.
ಕೈಯಲ್ಲಿ ಎತ್ತಿ ಹಿಡಿದ ನೋಟುಬುಕ್ಕು,
ಅದರಲ್ಲಿ ನಲವತ್ತೊಂದು ಹೆಸರು,
ಬುಟ್ಟಿಗೆ ಒಂದು ಕಿಲೋದಂತೆ ಎರಡು ವರ್ಷದ ಲೆಕ್ಕ.
ಕೆಲವರು ನಕ್ಕರು. ಹೋಗ್ಲಿ ಬಿಡಾ, ಅಂದರು ಕೆಲವರು.
ತುಳಸು ಅಂಬಿಗ ಮಾತ್ರ ಬಗ್ಗಿದ ಸೊಂಟ ಎತ್ತಲಿಲ್ಲ:
"ನಾ ಬಿಟ್ಟೆ ಅಂದ್ರೆ ನಿಂಗೆ ನಿದ್ದೆ ಬತ್ತದೆ.
ನಂಗೆಂತ ಬತ್ತದೆ? ದುಡ್ಡು ಕೊಡು. ಆಮೇಲೆ ನೋಡ್ವ."

ಬಲೆ ನೇಯ್ದು, ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಹೊತ್ತು
ಹನ್ನೊಂದು ತಿಂಗಳು ತೀರಿಸಿದ.
ಕೊನೆಯ ಕಂತಿನ ದಿನ ನಾನೂ ಹೋಗಿದ್ದೆ.
ತುಳಸು ಎರಡು ಸಲ ಎಣಿಸಿದಳು.
"ಎರಡು ರುಪಾಯಿ ಜಾಸ್ತಿ ಬಂದದೆ" ಎಂದು
ನಾಣ್ಯ ನನ್ನ ಕೈಗೆ ಹಾಕಿದಳು.
ಬಿಟ್ಟೆ ಅಂತ ಅನ್ನಲೇ ಇಲ್ಲ.
ವಾಪಸು ಬರುವಾಗ ಅಬ್ಬ ದಾರಿಯುದ್ದಕ್ಕೂ ಆ ಎರಡು ರುಪಾಯಿಯ ಮಾತನ್ನೇ ಆಡಿದ.

ಸಂಘ ಅವನನ್ನು ತಿರುಗಿ ಕರೆಯಲಿಲ್ಲ.
ಪೇಪರಿನಲ್ಲೂ ಮತ್ತೆ ಬರಲಿಲ್ಲ.

ಡಬ್ಬಿ ಈಗ ನನ್ನ ಹತ್ತಿರ.
ಬೊಮ್ಮಿಯ ಮಗಳು ಇನ್ನೂ ಸಿಕ್ಕಿಲ್ಲ;
ಅಂಕೋಲೆಯ ಸಂತೆಯಲ್ಲಿ ಅವಳ ವಯಸ್ಸಿನವರನ್ನು ಕಂಡರೆ
ಊರು ಕೇಳುತ್ತೇನೆ, ಬೈಸಿಕೊಳ್ಳುತ್ತೇನೆ.
ರಂಜಾನಿನ ಒಂದು ಮಧ್ಯಾಹ್ನ ಗಂಟು ಬಿಚ್ಚುತ್ತೇನೆ.
ನತ್ತು ಇಷ್ಟೇ ಇಷ್ಟು.
ಅಂಗೈ ಮೇಲಿಟ್ಟು ಕಿಟಕಿಯತ್ತ ಹಿಡಿದರೆ
ಹೊಳೆಯಾಚೆಯ ಗುಡ್ಡ
ಈಗಲೂ ಮುಖ ತಿರುಗಿಸುತ್ತದೆ.